ಮಂಜುಗಡ್ಡೆಯ ಒಡ್ಡು

ಕೇಳುಗರೇ, ನಮಸ್ಕಾರ.

2020ರ ಏಪ್ರಿಲ್ ಕೊನೆಯಲ್ಲಿ ಕೆನಡಾದ ಫೋರ್ಟ್ ಮ್ಯಾಕ್‌ಮರ್ರಿ ಪಟ್ಟಣದ ತಗ್ಗು ಭಾಗಕ್ಕೆ ನೀರು ನುಗ್ಗಿತು. ಕಾರಣ ಮಳೆಯಲ್ಲ. ಅಥಾಬಾಸ್ಕಾ ನದಿಯಲ್ಲಿ ಒಡೆದು ತೇಲಿಬಂದ ಮಂಜುಗಡ್ಡೆಗಳು ಒಂದರ ಮೇಲೊಂದು ಹೇರಿಕೊಂಡು ಒಡ್ಡು ಕಟ್ಟಿದ್ದವು. ಸುಮಾರು 13,000 ಜನ ಮನೆ ಬಿಟ್ಟು ಹೊರಡಬೇಕಾಯಿತು. ಇಂಥ ಒಡ್ಡಿನ ಸುಳಿವನ್ನು ಕಂಪ್ಯೂಟರ್ ಮೊದಲೇ ಕೊಡಬಲ್ಲದೇ?

ಹರಿಯುವ ನೀರು ಹೆಪ್ಪುಗಟ್ಟುವ ಬಗೆಯೇ ಬೇರೆ. ಸೊನ್ನೆ ಡಿಗ್ರಿಯಿಂದ ಒಂದು ಡಿಗ್ರಿಯ ನೂರನೇ ಕೆಲವು ಪಾಲು ಕೆಳಗಿಳಿದರೂ ಸಾಕು, ಸುಳಿಸುಳಿಯಾಗಿ ಓಡುವ ನೀರಿನ ಒಳಗೆಲ್ಲ ಪುಟ್ಟ ಬಿಲ್ಲೆಗಳಂಥ ಹರಳುಗಳು ಮೂಡುತ್ತವೆ. ಇವಕ್ಕೆ ಫ್ರೇಜಿಲ್ ಎಂದು ಹೆಸರು. ಆ ಗಳಿಗೆಯಲ್ಲಿ ಅವು ಮುಟ್ಟಿದ್ದಕ್ಕೆಲ್ಲ ಅಂಟುತ್ತವೆ: ತಳದ ಕಲ್ಲಿಗೆ, ಒಂದಕ್ಕೊಂದು, ವಿದ್ಯುದಾಗಾರಕ್ಕೆ ನೀರು ಎಳೆದುಕೊಳ್ಳುವ ಬಾಯಿಯ ಕಬ್ಬಿಣದ ಸರಳುಗಳಿಗೆ. ಒಂದೇ ರಾತ್ರಿಯಲ್ಲಿ ಸರಳುಗಳ ಸಂದು ಮುಚ್ಚಿಹೋಗಬಹುದು.

ಮೇಲೆ ಹೊದಿಕೆ ಕಟ್ಟಿತೆಂದರೆ ಲೆಕ್ಕ ಹಗುರ. ದಪ್ಪ ಇಮ್ಮಡಿಯಾಗಲು ಒಟ್ಟು ಚಳಿ ನಾಲ್ಕು ಪಟ್ಟು ಕೂಡಿಬರಬೇಕು ಎಂಬುದು ಆಸ್ಟ್ರಿಯಾದ ಭೌತವಿಜ್ಞಾನಿ ಯೋಸೆಫ್ ಸ್ಟೆಫಾನ್ 19ನೇ ಶತಮಾನದಲ್ಲೇ ಕೊಟ್ಟ ಸೂತ್ರದ ಸಾರ. ಮಂಜುಗಡ್ಡೆಯೇ ನೀರಿಗೆ ಕಂಬಳಿಯಾಗುತ್ತದೆ.

ಒಡೆಯುವ ಲೆಕ್ಕವೇ ಕಠಿಣ. ಬಿಸಿಲಿಗೆ ಸಡಿಲಗೊಂಡು ಇದ್ದಲ್ಲೇ ಕರಗಿದರೆ ಚಿಂತೆಯಿಲ್ಲ. ಇನ್ನೂ ಗಟ್ಟಿಯಾಗಿರುವಾಗಲೇ ಏರಿಬಂದ ನೀರು ಅದನ್ನು ಎತ್ತಿ ಮುರಿದರೆ ಆಪತ್ತು. ಸೈಬೀರಿಯಾದ ಲೇನಾ ಉತ್ತರಕ್ಕೆ ಹರಿಯುವುದರಿಂದ ದಕ್ಷಿಣದ ಮೇಲ್ಭಾಗ ಮೊದಲು ಕರಗುತ್ತದೆ, ಕೆಳಭಾಗ ಬಂಡೆಯಂತೆ ಬಿಗಿದಿರುತ್ತದೆ. 2001ರ ಮೇ ತಿಂಗಳಲ್ಲಿ ಆ ನದಿಯ ದಂಡೆಯ ಲೆನ್ಸ್ಕ್ ಪಟ್ಟಣ ಮುಳುಗಿತು; ಒಡ್ಡು ಒಡೆಯಲು ವಿಮಾನಗಳಿಂದ ಬಾಂಬ್ ಹಾಕಿದರು.

ಕಂಪ್ಯೂಟರ್ ಮಾದರಿ ನದಿಯನ್ನು ತುಂಡುತುಂಡಾಗಿ ವಿಂಗಡಿಸಿ, ಪ್ರತಿ ತುಂಡಿನ ಹರಿವು, ಉಷ್ಣ, ಮಂಜುಗಡ್ಡೆಯ ದಪ್ಪವನ್ನು ಲೆಕ್ಕ ಹಾಕುತ್ತದೆ. ತೊಡಕು ಇರುವುದು ಒಡ್ಡಿನ ಅಡಿಯಲ್ಲಿ. ಅಲ್ಲಿನ ಒರಟು ಮೈ ನೀರನ್ನು ತಡೆದು ಮಟ್ಟ ಏರಿಸುತ್ತದೆ. ಆದರೆ ಕುಲುಕುತ್ತಿರುವ ಗಡ್ಡೆಗಳ ಕೆಳಗೆ ಅಳತೆಗೆ ಇಳಿಯುವವರು ಯಾರು? ಒಡ್ಡಿನ ಬುಡ ಯಾವ ತಿರುವಿನಲ್ಲಿ ಕಚ್ಚಿಕೊಳ್ಳುತ್ತದೆ ಎಂಬುದೂ ಖಚಿತವಿಲ್ಲ. ಹಾಗಾಗಿ ಈ ಅಂಕಿಗಳನ್ನು ಬದಲಿಸುತ್ತ ಮಾದರಿಯನ್ನು ನೂರಾರು ಸಲ ಓಡಿಸಿ, ಎಷ್ಟು ಸಲ ನೀರು ದಂಡೆ ಮೀರಿತು ಎಂದು ಎಣಿಸುತ್ತಾರೆ. ಒಂದೇ ಉತ್ತರವನ್ನು ಘಂಟಾಘೋಷವಾಗಿ ಸಾರುವುದಕ್ಕಿಂತ ಇದೇ ಪ್ರಾಮಾಣಿಕ ದಾರಿ ಎಂದು ನಾನು ನಂಬುತ್ತೇನೆ.

ಲೆಕ್ಕ ಸರಿಯೇ ಎಂದು ನೋಡಲು ದಂಡೆಯ ಮರಗಳು ನೆರವಾಗುತ್ತವೆ. ಹಿಂದಿನ ಒಡ್ಡುಗಳು ತಿಕ್ಕಿ ತೊಗಟೆ ಸುಲಿದ ಗಾಯಗಳು ಕಾಂಡದ ಮೇಲೆ ಉಳಿದಿರುತ್ತವೆ. ಗಾಯದ ಎತ್ತರ ಆ ಮಂಜುಗಡ್ಡೆ ಮುಟ್ಟಿದ ಎತ್ತರ. ಮರದ ಉಂಗುರಗಳಲ್ಲಿ ಅದರ ವರ್ಷ. ಅಳತೆಪಟ್ಟಿ ಹಿಡಿದು ಮರದಿಂದ ಮರಕ್ಕೆ ನಡೆದು ತಂದ ಈ ಗುರುತುಗಳ ಪಕ್ಕದಲ್ಲಿಟ್ಟು ಮಾದರಿಯ ನೀರಿನ ಮಟ್ಟವನ್ನು ತಾಳೆ ನೋಡುತ್ತಾರೆ.

ನಮಸ್ಕಾರ.