ಕೆಡವಿದ ಕೋಟೆ, ಮತ್ತೆ ಕೂಡಿಸಿದ ಹಳಿ: ಕಾರ್ಫ್ ಕ್ಯಾಸಲ್‌ನಲ್ಲಿ ಒಂದು ದಿನ

ಈಗ ನೀವು ನೋಡುತ್ತಿರುವುದು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಡಾರ್ಸೆಟ್ ಪ್ರಾಂತ್ಯದ ಕಾರ್ಫ್ ಕ್ಯಾಸಲ್. ಕೋಟೆಯ ಹೆಸರೂ ಅದೇ, ಅದರ ಬುಡದ ಹಳ್ಳಿಯ ಹೆಸರೂ ಅದೇ. ಊರಿನ ಪೂರ್ವಕ್ಕಿರುವ ಗುಡ್ಡ ಹತ್ತಿ, ಪಶ್ಚಿಮಕ್ಕೆ ಮುಖ ಮಾಡಿ ಕ್ಯಾಮೆರಾ ಹಿಡಿದಿದ್ದೇನೆ. ಎದುರಿಗೆ ಕಡಿದಾದ ದಿಣ್ಣೆಯ ಮೇಲೆ ಮುರಿದ ಗೋಡೆಗಳು. ನಮ್ಮ ಕಾಲಡಿಯಲ್ಲಿ, ಗುಡ್ಡಕ್ಕೂ ಕೋಟೆಗೂ ನಡುವಿನ ಕಣಿವೆಯಲ್ಲಿ, ಒಂದು ಒಂಟಿ ಹಳಿ. ಇನ್ನು ಸ್ವಲ್ಪ ಹೊತ್ತಿನಲ್ಲಿ ಆ ಹಳಿಯ ಮೇಲೆ ಉಗಿಬಂಡಿ ಬರಲಿದೆ.

ಇಲ್ಲಿನ ಭೂಗೋಳವನ್ನು ಮೊದಲು ಗಮನಿಸಿ. ಪರ್ಬೆಕ್ ಗುಡ್ಡಗಳ ಸಾಲು ಪೂರ್ವದಿಂದ ಪಶ್ಚಿಮಕ್ಕೆ ಗೋಡೆಯಂತೆ ಹಬ್ಬಿದೆ. ಆ ಸಾಲು ಕತ್ತರಿಸಿಹೋಗಿರುವುದು ಇಲ್ಲಿ. ಉತ್ತರದ ವೇರ್‌ಹ್ಯಾಮ್ ಪಟ್ಟಣದಿಂದ ದಕ್ಷಿಣದ ಸಮುದ್ರದ ಕಡೆಗೆ ಹೋಗುವವರಿಗೆ ಈ ಕಂಡಿಯೇ ದಾರಿ. ಹಾಗಾಗಿ ದಾರಿ ಕಾಯಲು ಅರಸರು ಇಲ್ಲಿ ಕೋಟೆ ಕಟ್ಟಿದರು; ಹಲವು ಶತಮಾನಗಳ ನಂತರ ರೈಲ್ವೆ ಎಂಜಿನಿಯರುಗಳು ಹಳಿ ಹಾಕಲು ಇದೇ ಕಂಡಿಯನ್ನು ಆರಿಸಿಕೊಂಡರು. ಕೋಟೆ ಮತ್ತು ರೈಲು ಒಂದೇ ಚೌಕಟ್ಟಿನಲ್ಲಿ ಸಿಗುವುದಕ್ಕೆ ಕಾರಣ ಇಷ್ಟೇ. ಚಿತ್ರಕ್ಕೆ ಚೆನ್ನಾಗಿರಲಿ ಎಂದು ಯಾರೂ ಜೋಡಿಸಿದ್ದಲ್ಲ.

ಬನ್ನಿ, ಕೋಟೆಯ ಒಳಗೆ ಹೋಗೋಣ.

ಕಲ್ಲಿನ ಕೋಟೆ ಏಳುವ ಮೊದಲೇ ಈ ಜಾಗಕ್ಕೆ ರಕ್ತದ ಕಲೆ ಅಂಟಿತ್ತು. 978ರಲ್ಲಿ ಇಲ್ಲಿಗೆ ಬಂದಿದ್ದ ತರುಣ ದೊರೆ ಎಡ್ವರ್ಡ್‌ನ ಕೊಲೆಯಾಯಿತು. ಅವನ ಮಲತಾಯಿಯ ಮೇಲೆ ಅನುಮಾನ. ಪಟ್ಟಕ್ಕೆ ಬಂದದ್ದು ಅವಳ ಮಗ ಎಥೆಲ್‌ರೆಡ್. ಸತ್ತ ಎಡ್ವರ್ಡ್‌ನನ್ನು ಜನ ಸಂತನೆಂದು ಪೂಜಿಸಿದರು. ಊರಿನ ಚರ್ಚು ಇಂದಿಗೂ ಅವನ ಹೆಸರಿನಲ್ಲಿದೆ. ನಂತರ ಫ್ರಾನ್ಸಿನ ಕಡೆಯಿಂದ ನಾರ್ಮನ್ನರು ದಂಡೆತ್ತಿ ಬಂದರು. ಅವರ ದೊರೆ ವಿಲಿಯಂ ಕೋಟೆಗೆ ಅಡಿಪಾಯ ಹಾಕಿದ. ಅವನ ಮಗ ಮೊದಲನೆಯ ಹೆನ್ರಿಯ ಕಾಲದಲ್ಲಿ, ಹನ್ನೆರಡನೆಯ ಶತಮಾನದ ಮೊದಲ ವರ್ಷಗಳಲ್ಲಿ, ದಿಣ್ಣೆಯ ನೆತ್ತಿಯ ಮೇಲಿನ ಮುಖ್ಯ ಗೋಪುರ ಎದ್ದಿತು. ದಿಣ್ಣೆಯೇ ಸುಮಾರು 55 ಮೀಟರ್ ಎತ್ತರ. ಅದರ ಮೇಲೆ ಮತ್ತೆ 21 ಮೀಟರ್ ಗೋಪುರ. ಸುತ್ತಲ ಗಣಿಗಳ ಪರ್ಬೆಕ್ ಸುಣ್ಣಕಲ್ಲಿನಲ್ಲಿ ಕಟ್ಟಿದ್ದು. ದೂರದಿಂದ ಬರುತ್ತಿದ್ದ ರೈತನ ಕಣ್ಣಿಗೆ ಅದು ಎಷ್ಟು ಭಯ ಹುಟ್ಟಿಸಿರಬೇಕು ಎಂಬುದು ಬುಡದಲ್ಲಿ ನಿಂತು ಕತ್ತೆತ್ತಿದಾಗ ಗೊತ್ತಾಗುತ್ತದೆ.

ಜಾನ್ ದೊರೆಗೆ ಈ ಕೋಟೆ ಬಹಳ ಮೆಚ್ಚು. ದೊರೆಯ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಎಂಬ ಸನ್ನದಿಗೆ ಮುದ್ರೆ ಒತ್ತಬೇಕಾಗಿ ಬಂದ ಅದೇ ಜಾನ್. ಗೋಪುರದ ಪಕ್ಕದಲ್ಲಿ ಕಾಣುತ್ತಿರುವ ನಾಜೂಕು ಕಮಾನಿನ ಗೋಡೆ ಅವನು ಕಟ್ಟಿಸಿದ ಗ್ಲೋರಿಯೆಟ್ ಎಂಬ ಅರಮನೆಯದು. ಆ ಕಿಟಕಿಯ ಕೆತ್ತನೆ ಎಷ್ಟು ನಯವಾಗಿದೆ ನೋಡಿ. ಆದರೆ ಇದೇ ದೊರೆ 1202ರಲ್ಲಿ ಫ್ರಾನ್ಸಿನಲ್ಲಿ ಸೆರೆ ಹಿಡಿದ ಸರದಾರರಲ್ಲಿ 22 ಮಂದಿಯನ್ನು ಈ ಕೋಟೆಯಲ್ಲಿ ಅನ್ನ ನೀರಿಲ್ಲದೆ ಸಾಯಿಸಿದ ಎಂದು ಆ ಕಾಲದ ಮಠವೊಂದರ ದಾಖಲೆ ಹೇಳುತ್ತದೆ. ಇದನ್ನು ಓದಿದ ಮೇಲೆ ಆ ಕಿಟಕಿಯನ್ನು ಬರಿಯ ಸೌಂದರ್ಯವೆಂದು ನೋಡುವುದು ನನ್ನಿಂದ ಆಗಲಿಲ್ಲ.

ನಾನು ಮನಸಾರೆ ಗೌರವಿಸುವುದು ಇಲ್ಲಿನ ಒಬ್ಬ ಹೆಂಗಸನ್ನು. 1635ರಲ್ಲಿ ಸರ್ ಜಾನ್ ಬ್ಯಾಂಕ್ಸ್ ಎಂಬ ನ್ಯಾಯವಾದಿ ಈ ಕೋಟೆಯನ್ನು ಕೊಂಡ. ದೊರೆ ಒಂದನೆಯ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿದಾಗ ಅವನು ದೊರೆಯ ಕಡೆ ಇದ್ದ, ಊರಲ್ಲಿರಲಿಲ್ಲ. ಕೋಟೆಯಲ್ಲಿದ್ದವಳು ಹೆಂಡತಿ ಮೇರಿ ಬ್ಯಾಂಕ್ಸ್. 1643ರ ಬೇಸಿಗೆಯಲ್ಲಿ ಪಾರ್ಲಿಮೆಂಟಿನ ಸೈನ್ಯ ಮುತ್ತಿಗೆ ಹಾಕಿತು. ಚರ್ಚಿನ ಮಾಡಿನ ಸೀಸವನ್ನು ಕಿತ್ತು ಕರಗಿಸಿ ಗುಂಡು ಮಾಡಿಕೊಂಡರಂತೆ. ಮೇಲಿನ ಕೋಟೆಯನ್ನು ಮೇರಿ ತನ್ನ ಹೆಣ್ಣುಮಕ್ಕಳು, ಊಳಿಗದವರು ಮತ್ತು ಬೆರಳೆಣಿಕೆಯ ಸೈನಿಕರೊಂದಿಗೆ ಕಾಯ್ದಳು. ಏಣಿ ಹಾಕಿ ಹತ್ತಲು ಬಂದವರ ಮೇಲೆ ಕಲ್ಲು, ಕೆಂಡ ಸುರಿದರು. ಆರು ವಾರಗಳ ನಂತರ ಸೈನ್ಯ ಬಂದ ದಾರಿಗೆ ಸುಂಕವಿಲ್ಲವೆಂದು ಹಿಂದಿರುಗಿತು.

ಕೋಟೆ ಬಿದ್ದದ್ದು ಎರಡನೆಯ ಮುತ್ತಿಗೆಯಲ್ಲಿ, 1646ರ ಫೆಬ್ರವರಿಯಲ್ಲಿ. ಆಗ ಮೇರಿಯ ಗಂಡ ತೀರಿಕೊಂಡಿದ್ದ. ಸೋಲಿಗೆ ಕಾರಣ ಫಿರಂಗಿಯಲ್ಲ, ದ್ರೋಹ. ಕೋಟೆಯೊಳಗಿನ ಪಿಟ್‌ಮನ್ ಎಂಬ ಅಧಿಕಾರಿ ನೆರವಿನ ಪಡೆ ತರುತ್ತೇನೆಂದು ಹೊರಗೆ ಹೋಗಿ ಶತ್ರುಗಳನ್ನೇ ಒಳಗೆ ಕರೆತಂದ. ಗೆದ್ದವರೂ ಮೇರಿಯ ಧೈರ್ಯಕ್ಕೆ ತಲೆಬಾಗಿದರು. ಕೋಟೆಯ ಬೀಗದ ಕೈಗಳನ್ನು ಅವಳಿಗೇ ಕೊಟ್ಟರು. ಆ ಕೀಲಿಗಳು ಇಂದಿಗೂ ಕಿಂಗ್‌ಸ್ಟನ್ ಲೇಸಿ ಎಂಬ ಬ್ಯಾಂಕ್ಸ್ ಮನೆತನದ ಬಂಗಲೆಯಲ್ಲಿವೆ. ಕೀಲಿಗಳು ಉಳಿದವು, ಬಾಗಿಲುಗಳು ಉಳಿಯಲಿಲ್ಲ.

ಅದೇ ವರ್ಷ ಪಾರ್ಲಿಮೆಂಟ್ ಕೋಟೆಯನ್ನು ನಿರುಪಯುಕ್ತ ಮಾಡಲು ಆಜ್ಞೆ ಮಾಡಿತು. ಮತ್ತೆ ಯಾರೂ ಇಲ್ಲಿ ಕುಳಿತು ಎದುರಿಸಬಾರದು ಎಂಬುದು ಉದ್ದೇಶ. ಗೋಡೆಗಳ ಬುಡ ಅಗೆದರು, ಮದ್ದು ತುಂಬಿದರು, ಸಿಡಿಸಿದರು. ಅದರ ಪರಿಣಾಮವನ್ನು ಹತ್ತಿರದಿಂದ ತೋರಿಸುತ್ತೇನೆ.

ಇದು ನೈಋತ್ಯದ ಹೆಬ್ಬಾಗಿಲು. ಎರಡು ಬುರುಜುಗಳ ನಡುವೆ ಕಮಾನು. ಈಗ ಕಮಾನಿನ ನಡು ನೋಡಿ, ಸೀಳಿದೆ. ಎಡಗಡೆಯ ಬುರುಜು ಇಡಿಯಾಗಿ, ಒಡೆದು ಚೂರಾಗದೆ, ಆಳೆತ್ತರಕ್ಕಿಂತ ಹೆಚ್ಚು ಕೆಳಗೆ ಜಾರಿ ನಿಂತಿದೆ. ಕಬ್ಬಿಣದ ತೂಗುಬಾಗಿಲು ಇಳಿಯಲು ಗೋಡೆಯಲ್ಲಿ ಕೊರೆದ ಉದ್ದನೆಯ ಕೊರಕಲು ಕಾಣಿಸುತ್ತಿದೆಯಲ್ಲವೇ? ಅದರ ಜೋಡಿ ಕೊರಕಲು ಆ ಬದಿಯಲ್ಲಿದೆ, ಆದರೆ ಎರಡೂ ಈಗ ಒಂದಕ್ಕೊಂದು ಎದುರಾಗಿಲ್ಲ. ಕಲ್ಲಿನ ಅಂಚು ಇನ್ನೂ ಚೂಪಾಗಿದೆ. ಬೆರಳು ಸವರಿದರೆ ಉಳಿಯ ಗೀರುಗಳು ಸಿಗುತ್ತವೆ. ಗಾರೆಯ ಹಿಡಿತ ಎಷ್ಟು ಬಿಗಿಯಾಗಿತ್ತೆಂದರೆ ನೆಲ ಕುಸಿದರೂ ಕಲ್ಲುಗಳು ಪರಸ್ಪರ ಕೈಬಿಡಲಿಲ್ಲ. ಹೆಸರಿಲ್ಲದ ಆ ಗಾರೆ ಕೆಲಸದವರಿಗೆ ನನ್ನ ನಮಸ್ಕಾರ.

ಸಿಡಿದು ಬಿದ್ದ ಕಲ್ಲುಗಳನ್ನು ಹಳ್ಳಿಯವರು ಹೊತ್ತೊಯ್ದು ಮನೆ ಕಟ್ಟಿಕೊಂಡರು. ಈಗ ಹಳ್ಳಿಯ ಬೀದಿಯಲ್ಲಿ ನಡೆಯುವಾಗ ಕಾಣುವ ಬೂದು ಗೋಡೆಗಳಲ್ಲಿ ಕೋಟೆಯ ಪಾಲೂ ಇದೆ. ಬ್ಯಾಂಕ್ಸ್ ಮನೆತನ ಮತ್ತೆ ಇಲ್ಲಿ ವಾಸಕ್ಕೆ ಬರಲಿಲ್ಲ. 1981ರಲ್ಲಿ ಆ ವಂಶದ ರಾಲ್ಫ್ ಬ್ಯಾಂಕ್ಸ್ ತೀರಿಕೊಂಡಾಗ ಕೋಟೆ ಮತ್ತು ಬಂಗಲೆ ಎರಡೂ ಅವರ ಉಯಿಲಿನಂತೆ, ಹಳೆಯ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಗೆ ಸೇರಿದವು. ಟ್ರಸ್ಟಿನವರು ಗೋಡೆಗಳನ್ನು ಇನ್ನಷ್ಟು ಬೀಳದಂತೆ ಕಾಪಾಡುತ್ತಾರೆ, ಆದರೆ ಹೊಸದಾಗಿ ಕಟ್ಟುವುದಿಲ್ಲ. ಅದೇ ಸರಿ ಎಂಬುದು ನನ್ನ ಅಭಿಪ್ರಾಯ. ಆ ಜಾರಿದ ಬುರುಜನ್ನು ಎತ್ತಿ ನೆಟ್ಟಗೆ ನಿಲ್ಲಿಸಿದರೆ 1646 ಅಳಿಸಿಹೋಗುತ್ತದೆ.

ಅಗೋ, ಕೂಗು ಕೇಳಿಸಿತು! ಅಪ್ಪ ಆಗಲೇ ಗೋಡೆಯ ಅಂಚಿಗೆ ನಡೆದಿದ್ದಾರೆ.

ಅಪ್ಪ ಬೆಳೆದದ್ದು ಅರಸೀಕೆರೆಯಲ್ಲಿ. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮೂರೂ ಕಡೆಯ ಮೀಟರ್ ಗೇಜ್ ಹಳಿಗಳು ಸೇರುತ್ತಿದ್ದ ಜಂಕ್ಷನ್ ಅದು. ಕರಿ ಎಂಜಿನ್ನುಗಳ ಸದ್ದು ಕೇಳಿಯೇ ಶಾಲೆಗೆ ಹೊತ್ತಾಯಿತೆಂದು ತಿಳಿಯುತ್ತಿದ್ದ ಕಾಲದವರು. ಕಣಿವೆಯಿಂದ ಸದ್ದು ಏರಿ ಬರುವಾಗ ಅವರು, "ಏರು ಹತ್ತುತ್ತಿದೆ ನೋಡು, ಉಸಿರು ನಿಧಾನವಾಯಿತು" ಎಂದರು. ನನಗೆ ಹೊಗೆ ಕಾಣುವ ಮೊದಲೇ ಅವರಿಗೆ ಕಿವಿಯಿಂದ ಎಲ್ಲ ಗೊತ್ತಾಗಿತ್ತು.

ಇದೋ, ನಾಲ್ಕು ಕಮಾನಿನ ಕಲ್ಲು ಸೇತುವೆಯ ಮೇಲೆ ಬಂತು. ಎಂಜಿನ್ ಸಂಖ್ಯೆ 31806. ಇದರ ಜಾತಕವೂ ಸಾಮಾನ್ಯವಲ್ಲ. 1926ರಲ್ಲಿ ಬ್ರೈಟನ್ ಕಾರ್ಖಾನೆಯಲ್ಲಿ ಹುಟ್ಟಿದಾಗ ಇದಕ್ಕೆ 'ರಿವರ್ ಟಾರಿಜ್' ಎಂಬ ನದಿಯ ಹೆಸರಿತ್ತು. ನೀರಿನ ಟ್ಯಾಂಕುಗಳು ಮೈಗೇ ಅಂಟಿಕೊಂಡಿದ್ದವು. 1927ರಲ್ಲಿ ಸೆವೆನೋಕ್ಸ್ ಬಳಿ ಇದೇ ಮಾದರಿಯ ಎಂಜಿನ್ನೊಂದು ಹಳಿ ತಪ್ಪಿ 13 ಜನ ಸತ್ತರು. ಆಮೇಲೆ ಈ ಮಾದರಿಯ ಎಲ್ಲ ಎಂಜಿನ್ನುಗಳನ್ನೂ ಬದಲಾಯಿಸಿ, ನೀರು ಮತ್ತು ಕಲ್ಲಿದ್ದಲಿಗೆ ಹಿಂದೆ ಬೇರೆ ಗಾಡಿ ಜೋಡಿಸಿದರು. ಸೇವೆ ಮುಗಿದ ನಂತರ ಇದು ವೇಲ್ಸ್‌ನ ಬ್ಯಾರಿ ಎಂಬಲ್ಲಿನ ಗುಜರಿ ಅಂಗಳ ಸೇರಿ ತುಕ್ಕು ಹಿಡಿಯಿತು. ಆ ಅಂಗಳದಿಂದ ಉತ್ಸಾಹಿಗಳು 213 ಎಂಜಿನ್ನುಗಳನ್ನು ಒಂದೊಂದಾಗಿ ಹಣ ಕೂಡಿಸಿ ಕೊಂಡು ತಂದರು. ಅವುಗಳಲ್ಲಿ ಇದೂ ಒಂದು.

ಆದರೆ ನನಗೆ ಎಂಜಿನ್ನಿಗಿಂತ ದೊಡ್ಡ ಅಚ್ಚರಿ ಅದರ ಕೆಳಗಿನ ಹಳಿ. ವೇರ್‌ಹ್ಯಾಮ್‌ನಿಂದ ಸ್ವಾನೇಜ್ ಎಂಬ ಕಡಲೂರಿಗೆ ಈ ಮಾರ್ಗ ತೆರೆದದ್ದು 1885ರ ಮೇ 20ರಂದು. 1972ರ ಹೊಸ ವರ್ಷದ ದಿನ ಕೊನೆಯ ರೈಲು ಓಡಿತು. ಆ ಬೇಸಿಗೆಯಲ್ಲಿ ಏಳೇ ವಾರಗಳಲ್ಲಿ ಆರೂವರೆ ಮೈಲಿ ಹಳಿಯನ್ನು ಕಿತ್ತು ಗುಜರಿಗೆ ಸಾಗಿಸಿದರು. ಕೋಟೆಗೆ ಮದ್ದು ಇಟ್ಟವರ ಅವಸರವೇ ಇವರಿಗೂ ಇತ್ತು ಎಂದು ನನಗೆ ಅನಿಸುತ್ತದೆ.

ಕೋಟೆಯ ಕಥೆ ಅಲ್ಲಿಗೆ ನಿಂತಿತ್ತು. ರೈಲಿನ ಕಥೆ ನಿಲ್ಲಲಿಲ್ಲ. ಅದೇ ವರ್ಷ ಒಂದಷ್ಟು ಜನ ಸೇರಿ ಸಂಘ ಕಟ್ಟಿದರು. 1976ರಲ್ಲಿ ಸ್ವಾನೇಜ್‌ನ ಪಾಳುಬಿದ್ದ ನಿಲ್ದಾಣ ಅವರ ಕೈಗೆ ಬಂತು. ಸುತ್ತ ಹಳಿಯೇ ಇಲ್ಲದ ನಿಲ್ದಾಣ! ಹಳಿಯ ಜಾಗದಲ್ಲಿ ವಾಹನಗಳಿಗೆ ರಸ್ತೆ ಮಾಡಬೇಕೆಂಬ ಯೋಜನೆಯೂ ಎದುರಿಗಿತ್ತು. ಅವರು ಹಳೆಯ ಹಳಿ, ಹಳೆಯ ಮರದ ಸ್ಲೀಪರುಗಳನ್ನು ಕೊಂಡು ತಂದು, ರಜೆಯ ದಿನಗಳಲ್ಲಿ ಗುದ್ದಲಿ ಹಿಡಿದು, ಗಜಗಜವಾಗಿ ಮುಂದುವರಿದರು. 1988ರಲ್ಲಿ ಹಾರ್ಮನ್ಸ್ ಕ್ರಾಸ್ ತಲುಪಿದರು. 1995ರಲ್ಲಿ ಕಾರ್ಫ್ ಕ್ಯಾಸಲ್ ಮತ್ತು ಅದರಾಚೆಯ ನಾರ್ಡನ್. 2002ರಲ್ಲಿ ದೇಶದ ಮುಖ್ಯ ರೈಲು ಜಾಲಕ್ಕೆ ಹಳಿ ಮತ್ತೆ ಕೂಡಿತು. ಏಳು ವಾರಗಳಲ್ಲಿ ಕಿತ್ತದ್ದನ್ನು ಕೂಡಿಸಲು ಮೂವತ್ತು ವರ್ಷ. ಗುದ್ದಲಿ ಹಿಡಿದವರಲ್ಲಿ ಹೆಚ್ಚಿನವರು ಸಂಬಳವಿಲ್ಲದೆ ದುಡಿದವರು. ನಮ್ಮೂರಿನ ಕೆರೆಯ ಹೂಳನ್ನು ಊರವರೇ ಎತ್ತುವ ಹಾಗೆ ಇವರು ತಮ್ಮ ರೈಲನ್ನು ತಾವೇ ಎತ್ತಿ ನಿಲ್ಲಿಸಿದರು.

ನಿಲ್ದಾಣಕ್ಕೆ ಇಳಿದು ಬಂದಿದ್ದೇವೆ. ಎಂಜಿನ್ನಿನ ಕೋಣೆಯ ಬಾಗಿಲಲ್ಲಿ ನಿಂತು, ಕುಲುಮೆಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಜತೆ ಮಾತಾಡಿದೆವು. ನಸುಕಿನಲ್ಲೇ ಬಂದು ಬೆಂಕಿ ಹಾಕಬೇಕು. ಬಾಯ್ಲರ್ ನಿಧಾನವಾಗಿ ಕಾಯಬೇಕು. ಒಮ್ಮೆಲೇ ಕಾಯಿಸಿದರೆ ತಗಡು, ಕೊಳವೆಗಳು ಹಿಗ್ಗುವಾಗ ಘಾಸಿಯಾಗುತ್ತವೆ. ಅವರು ಕುಲುಮೆಯ ಬಾಗಿಲು ತೆರೆದಾಗ ನೋಡಿ, ಒಳಗಿನ ಬೆಳಕು ಹಳದಿಯಲ್ಲ, ಬಿಳಿಗೆ ತಿರುಗಿದ ಕಿತ್ತಳೆ. ಸಲಿಕೆಯ ಒಂದೊಂದು ಎಸೆತವೂ ಬೇರೆ ಬೇರೆ ಮೂಲೆಗೆ. ಅವರ ಕಣ್ಣು ಮಾತ್ರ ಆಗಾಗ ಈ ಗಾಜಿನ ಕೊಳವೆಯ ಕಡೆ ಹೋಗುತ್ತದೆ. ಬಾಯ್ಲರಿನ ನೀರಿನ ಮಟ್ಟ ತೋರಿಸುವ ಕೊಳವೆ ಅದು. ನೀರು ತೀರಾ ಇಳಿದರೆ ಕುಲುಮೆಯ ನೆತ್ತಿ ಬೆಂಕಿಗೆ ಬರಿದಾಗುತ್ತದೆ. ಉಗಿಬಂಡಿಯಲ್ಲಿ ಅದಕ್ಕಿಂತ ದೊಡ್ಡ ಅಪಾಯವಿಲ್ಲ. ಎಂಜಿನ್ ತೊಳೆದು ಒರೆಸುವ ಕೆಲಸದಿಂದ ಆರಂಭಿಸಿ, ಫೈರ್‌ಮನ್ ಆಗಿ, ವರ್ಷಗಳ ನಂತರ ಡ್ರೈವರ್ ಆಗುವುದು ಇಲ್ಲಿನ ಕ್ರಮ.

ಡ್ರೈವರ್ ಕೈಯಲ್ಲಿದ್ದ ಲೋಹದ ಟೋಕನ್ನನ್ನು ಅಪ್ಪ ಗುರುತಿಸಿದರು. ಒಂಟಿ ಹಳಿಯಲ್ಲಿ ಎರಡು ರೈಲುಗಳು ಎದುರುಬದುರಾಗಬಾರದು. ಹಾಗಾಗಿ ಆ ಭಾಗದ ಟೋಕನ್ ಕೈಗೆ ಬರದೆ ಯಾವ ರೈಲೂ ಹೊರಡುವಂತಿಲ್ಲ. ನಮ್ಮ ಒಂಟಿ ಹಳಿಯ ಮಾರ್ಗಗಳಲ್ಲೂ ಇದೇ ಪದ್ಧತಿ ಇತ್ತು. ಸ್ಟೇಷನ್ನಿನಲ್ಲಿ ನಿಂತವನು ದೊಡ್ಡ ಬಳೆಯಲ್ಲಿ ಟೋಕನ್ ಸಿಕ್ಕಿಸಿ ಕೈ ಚಾಚುತ್ತಿದ್ದದ್ದು, ಓಡುವ ರೈಲಿನವನು ಅದನ್ನು ತೋಳಿನಲ್ಲೇ ಹಿಡಿಯುತ್ತಿದ್ದದ್ದು ಎಲ್ಲವನ್ನೂ ಅಪ್ಪ ಕೈ ಆಡಿಸಿ ತೋರಿಸಿದರು. ಫೈರ್‌ಮನ್‌ಗೆ ಕನ್ನಡ ಬರುವುದಿಲ್ಲ, ಆದರೆ ಕೈಸನ್ನೆ ಪೂರ್ತಿ ಅರ್ಥವಾಯಿತು. ಇಬ್ಬರೂ ಮನಸಾರೆ ನಕ್ಕರು.

ಒಂದು ಮಾತು ಹೇಳಲೇಬೇಕು. ಕೋಟೆಯನ್ನು ಮುರಿದ ಹಾಗೆಯೇ ಉಳಿಸಬಹುದು, ಎಂಜಿನ್ನನ್ನು ಹಾಗೆ ಉಳಿಸಲಾಗದು. ಓಡದೆ ನಿಂತರೆ ಅದು ಬಣ್ಣ ಬಳಿದ ಕಬ್ಬಿಣ ಅಷ್ಟೇ. ಓಡಿಸಿದರೆ ಸವೆಯುತ್ತದೆ, ಕೊಳವೆ, ಬೇರಿಂಗು, ಕೊನೆಗೆ ಬಾಯ್ಲರಿನ ತಗಡನ್ನೂ ಬದಲಿಸಬೇಕು. ಹಳೆಯದು ಎಷ್ಟು ಉಳಿಯಿತು ಎಂದು ಕೇಳುವವರಿದ್ದಾರೆ. ಬೆಂಕಿ ಹಾಕುವ ಕೈಗೆ ವಿದ್ಯೆ ಉಳಿಯಿತೇ ಎಂಬುದು ನನ್ನ ಪ್ರಶ್ನೆ. ಕಲ್ಲಿದ್ದಲೇ ಈಗ ದೊಡ್ಡ ಚಿಂತೆ. ವೇಲ್ಸ್‌ನ ಫೋಸ್-ಇ-ಫ್ರಾನ್ ಗಣಿ 2023ರಲ್ಲಿ ಮುಚ್ಚಿದ ಮೇಲೆ ಇಂತಹ ರೈಲುಗಳು ಹೊರದೇಶದ ಕಲ್ಲಿದ್ದಲನ್ನು ನೆಚ್ಚಿಕೊಂಡಿವೆ. ಬೆಲೆಯೂ ಹೆಚ್ಚು, ಹೊಗೆಯ ಬಗ್ಗೆ ಆಕ್ಷೇಪವೂ ನ್ಯಾಯವಾದದ್ದೇ. ಆದರೂ ಈ ವಿದ್ಯೆ ಒಂದು ತಲೆಮಾರು ತಪ್ಪಿದರೆ ಪುಸ್ತಕ ಓದಿ ಮರಳಿ ಕಲಿಯಲಾಗದು. ಹಾಗಾಗಿ ಇಂತಹ ಕೆಲವು ಹಳಿಗಳ ಮೇಲಾದರೂ ಬೆಂಕಿ ಆರಬಾರದು ಎಂದು ನಾನು ಬಯಸುತ್ತೇನೆ.

ಬರುವವರಿಗೆ ನಾಲ್ಕು ಮಾತು. ಕಾರಿನಲ್ಲಿ ಬಂದರೆ ಹಳ್ಳಿಯ ಇಕ್ಕಟ್ಟಿಗೆ ನುಗ್ಗಬೇಡಿ. ನಾರ್ಡನ್‌ನಲ್ಲಿ ನಿಲ್ಲಿಸಿ ರೈಲು ಹತ್ತಿ. ಸ್ವಾನೇಜ್ ಕಡೆಗೆ ಹೋಗುವಾಗ ಬಲಗಡೆಯ ಕಿಟಕಿ ಹಿಡಿಯಿರಿ, ಕೋಟೆ ಆ ಬದಿಗೆ ಬರುತ್ತದೆ. ಕೋಟೆಯೊಳಗೆ ಏರು ಕಡಿದು, ಹುಲ್ಲು ಒದ್ದೆಯಿದ್ದರೆ ಜಾರುತ್ತದೆ. ಹಿರಿಯರಿದ್ದರೆ ಅವರ ಕೈ ಹಿಡಿದು ನಿಧಾನವಾಗಿ ಹತ್ತಿಸಿ. ಹೊರಡುವ ಮೊದಲು ವೇಳಾಪಟ್ಟಿಯನ್ನು ತಪ್ಪದೆ ನೋಡಿ, ಎಲ್ಲ ರೈಲುಗಳೂ ಉಗಿಯವಲ್ಲ. ಡೀಸೆಲ್ ಎಂದಿದ್ದರೆ ಅದನ್ನು ಬಿಟ್ಟು ಮುಂದಿನದಕ್ಕೆ ಕಾಯಿರಿ. ಕಾಯುವ ಹೊತ್ತಿಗೆ ಕಾರ್ಫ್ ಕ್ಯಾಸಲ್ ನಿಲ್ದಾಣದ ಹಳೆಯ ಗೂಡ್ಸ್ ಶೆಡ್ಡಿನಲ್ಲಿರುವ ಪುಟ್ಟ ವಸ್ತುಸಂಗ್ರಹಾಲಯ ನೋಡಬಹುದು. ಹಳಿ ಕಿತ್ತ ದಿನಗಳನ್ನೂ ಮತ್ತೆ ಹಾಕಿದ ದಿನಗಳನ್ನೂ ಕಂಡ ಹಿರಿಯ ಸ್ವಯಂಸೇವಕರು ಯಾರಾದರೂ ಸಿಕ್ಕರೆ ಕ್ಯಾಮೆರಾ ಕೆಳಗಿಟ್ಟು ಅವರ ಮಾತು ಕೇಳಿ.