ಕಾಟ್ಲೆಹಾಂಗ್‌ನ ಹೆಜ್ಜೆ ಸದ್ದು

ಕೇಳುಗರಿಗೆ ನಮಸ್ಕಾರ.

ಕುಣಿತದ ಬಗ್ಗೆ ಬಾನುಲಿಯಲ್ಲಿ ಏನು ಮಾತಾಡುವುದು ಅಂತ ನಿಮಗೆ ಅನ್ನಿಸಬಹುದು. ಆದರೆ ನಾನು ಇವತ್ತು ಹೇಳಹೊರಟಿರುವ ಕುಣಿತದಲ್ಲಿ ಅರ್ಧ ಪಾಲು ಕಿವಿಯದು. ತೆಳ್ಳನೆ ಅಟ್ಟೆಯ ಕ್ಯಾನ್ವಾಸ್ ಶೂಗಳು ನೆಲದ ಮೇಲೆ ಟಕಟಕ ಬೀಳುತ್ತಿರುತ್ತವೆ. ನಡುವೆ ಯಾರೋ ಜೋರಾಗಿ ಸೀಟಿ ಊದುತ್ತಾರೆ. ಊದಿದ ಮರುಗಳಿಗೆ ಅಷ್ಟೂ ಜನರ ಹೆಜ್ಜೆ ಒಟ್ಟಿಗೆ ಬದಲಾಗುತ್ತದೆ. ಇದು ದಕ್ಷಿಣ ಆಫ್ರಿಕಾದ ಬೀದಿ ಕುಣಿತ, ಪಾಂಟ್ಸುಲಾ.

ಇದು ಬೆಳೆದದ್ದು ಜೋಹಾನ್ಸ್‌ಬರ್ಗ್ ಸುತ್ತಮುತ್ತ, ಅಲೆಕ್ಸಾಂಡ್ರಾ, ಸೋಫಿಯಾಟೌನ್‌ಗಳಂಥ ಕರಿಯರ ಬಡಾವಣೆಗಳಲ್ಲಿ. 1955ರ ಫೆಬ್ರವರಿಯಲ್ಲಿ ವರ್ಣಭೇದದ ಸರ್ಕಾರ ಪೊಲೀಸರನ್ನು ಕಳಿಸಿ ಸೋಫಿಯಾಟೌನ್ ಜನರನ್ನು ಎಬ್ಬಿಸಿತು, ಸಾಮಾನು ಸಮೇತ ಲಾರಿ ಹತ್ತಿಸಿ ಮೆಡೋಲ್ಯಾಂಡ್ಸ್‌ಗೆ ಸಾಗಿಸಿತು. ಮನೆಗಳನ್ನು ನೆಲಸಮ ಮಾಡಿ, ಆ ಜಾಗಕ್ಕೆ 'ಟ್ರಿಯೋಂಫ್', ಅಂದರೆ ವಿಜಯ, ಅಂತ ಹೆಸರಿಟ್ಟರು. ಮನೆ ಕೆಡವಬಹುದು, ಕಾಲಿಗೆ ಹತ್ತಿದ ಹೆಜ್ಜೆಯನ್ನು ಕಿತ್ತುಕೊಳ್ಳುವುದು ಹೇಗೆ? ಅದು ಜನರ ಜೊತೆಗೇ ಹೋಯಿತು.

ಪಾಂಟ್ಸುಲಾದಲ್ಲಿ ದಿನದ ಬದುಕೇ ಅಭಿನಯ. ಓಡುವ ರೈಲು ಹತ್ತುವುದು, ದಾಳ ಉರುಳಿಸುವುದು, ಶೂ ಪಾಲಿಶ್ ಮಾಡುವುದು, ಟ್ಯಾಕ್ಸಿ ನಿಲ್ಲಿಸುವುದು. ಆ ಟ್ಯಾಕ್ಸಿಯ ವಿಷಯ ಸ್ವಲ್ಪ ಹೇಳಬೇಕು. ಜೋಹಾನ್ಸ್‌ಬರ್ಗ್‌ನಲ್ಲಿ ಮಿನಿಬಸ್ ಟ್ಯಾಕ್ಸಿಗೆ ಕಾಯುವವರು ಬಾಯಿ ಬಿಟ್ಟು ಊರ ಹೆಸರು ಹೇಳುವುದಿಲ್ಲ, ಬೆರಳಲ್ಲೇ ತಿಳಿಸುತ್ತಾರೆ. ತೋರುಬೆರಳು ಮೇಲೆತ್ತಿದರೆ ಪೇಟೆಗೆ ಹೋಗಬೇಕು ಅಂತ. ಹೀಗೆ ರಸ್ತೆ ಬದಿಯ ಭಾಷೆ ಕುಣಿತದ ಮುದ್ರೆಯಾಗಿದೆ.

ಇದನ್ನು ರಂಗಮಂದಿರಕ್ಕೆ ತಂದವರಲ್ಲಿ ಮೊದಲು ನೆನೆಯಬೇಕಾದ್ದು ವಿಯಾ ಕಾಟ್ಲೆಹಾಂಗ್ ತಂಡವನ್ನು. ಶುರುವಾದದ್ದು 1992ರಲ್ಲಿ, ಜೋಹಾನ್ಸ್‌ಬರ್ಗ್‌ನ ಪೂರ್ವಕ್ಕಿರುವ ಕಾಟ್ಲೆಹಾಂಗ್‌ನಲ್ಲಿ. ಆ ವರ್ಷಗಳು ಎಂಥವು ಅಂದರೆ, ಮಂಡೇಲಾ ಬಿಡುಗಡೆಯಾಗಿದ್ದರು, ಕರಿಯರೂ ಮತ ಹಾಕುವ ಚುನಾವಣೆ ಇನ್ನೂ ನಡೆದಿರಲಿಲ್ಲ, ಕಾಟ್ಲೆಹಾಂಗ್ ಮತ್ತು ಪಕ್ಕದ ಥೊಕೊಜಾ ಬೀದಿಗಳಲ್ಲಿ ರಾಜಕೀಯದ ಹೆಸರಲ್ಲಿ ಕೊಲೆಗಳು ನಡೆಯುತ್ತಿದ್ದವು. ಅಂಥಲ್ಲಿ ಹುಡುಗರು ಗುಂಪು ಕಟ್ಟಿ ಕುಣಿತ ಅಭ್ಯಾಸ ಮಾಡಿದರು. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಂ ಎನ್ನುತ್ತದೆ.

ಬೀದಿಯಿಂದ ರಂಗಕ್ಕೆ ಬರುವಾಗ ದೊಡ್ಡ ತೊಡಕು ಜಾಗದ್ದು. ಬೀದಿಯಲ್ಲಿ ಜನ ಸುತ್ತುಗಟ್ಟಿ ನಿಲ್ಲುತ್ತಾರೆ. ಒಬ್ಬ ಒಳಗೆ ನುಗ್ಗಿ ತನ್ನ ವರಸೆ ತೋರಿಸಿ ಹೊರಬರುತ್ತಾನೆ, ಇನ್ನೊಬ್ಬ ಅದಕ್ಕೆ ಕಾಲಲ್ಲೇ ಉತ್ತರ ಕೊಡುತ್ತಾನೆ. ಚೆನ್ನಾಗಿದ್ದರೆ ಕೇಕೆ, ಇಲ್ಲದಿದ್ದರೆ ಅಲ್ಲೇ ಮುಖಭಂಗ. ರಂಗಮಂದಿರದಲ್ಲಿ ಪ್ರೇಕ್ಷಕರು ಒಂದೇ ಕಡೆ, ಅದೂ ಕತ್ತಲಲ್ಲಿ. ಹಾಗಾಗಿ ನರ್ತಕರೇ ಒಬ್ಬರಿಗೊಬ್ಬರು ಆ ಸುತ್ತಿನ ಜನವೂ ಆಗಬೇಕು, ಸೀಟಿ ಊದಬೇಕು, ಕೂಗಿ ಹುರಿದುಂಬಿಸಬೇಕು. ಅದು ಇಲ್ಲದೆ ಬರೀ ಸಾಲುಗಟ್ಟಿಸಿ ಹೆಜ್ಜೆ ಹಾಕಿಸಿದರೆ ಪಾಂಟ್ಸುಲಾ ಕವಾಯತಾಗಿಬಿಡುತ್ತದೆ.

ಈ ತಂಡ ಗಂಬೂಟು ಕುಣಿತವನ್ನೂ ಸೇರಿಸಿಕೊಂಡಿತು. ಚಿನ್ನದ ಗಣಿಗಳಲ್ಲಿ ನೀರು ನಿಂತ ಸುರಂಗದಲ್ಲಿ ದುಡಿಯುತ್ತಿದ್ದವರ ರಬ್ಬರ್ ಬೂಟುಗಳವು. ಕೆಲಸ ಮುಗಿದ ಮೇಲೆ ಗಂಡಸರು ಅದೇ ಬೂಟಿಗೆ ಅಂಗೈ ಬಡಿದು ತಾಳ ಹುಟ್ಟಿಸಿದರು. ಗಣಿ ಮಾಲೀಕರು ಕಾರ್ಮಿಕರ ಕುಣಿತಕ್ಕೆಂದು ಅಂಗಳ ಕಟ್ಟಿಸಿ, ಭಾನುವಾರ ಬಿಳಿಯ ಅತಿಥಿಗಳನ್ನು ಕರೆದು ತೋರಿಸುತ್ತಿದ್ದರು. ಅಂದರೆ ಬೇರೆಯವರ ಕಣ್ಣೆದುರು ಕುಣಿಯುವುದು ಈ ಜನಕ್ಕೆ ಹೊಸತಲ್ಲ. ಅಲ್ಲಿ ಏನು ಕುಣಿಯಬೇಕು, ಯಾರಿಗಾಗಿ ಅಂತ ತೀರ್ಮಾನಿಸುತ್ತಿದ್ದವರು ಬೇರೆ. ಈಗ ಪ್ರದರ್ಶನದ ಕರಪತ್ರದಲ್ಲಿ ನೃತ್ಯ ಸಂಯೋಜಕರೆಂದು ಈ ಜನರದೇ ಹೆಸರು ಅಚ್ಚಾಗುತ್ತದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಜೋಹಾನ್ಸ್‌ಬರ್ಗ್‌ನ ಕರಿಯರ ಬಡಾವಣೆ ಸೊವೆಟೊದಲ್ಲಿ ಹುಟ್ಟಿದ ಗ್ರೆಗರಿ ಮಕೋಮಾ ಈ ತಂಡಕ್ಕಾಗಿ 'ವಿಯಾ ಕನಾನಾ' ಸಂಯೋಜಿಸಿದರು. ಕನಾನಾ ಅಂದರೆ ಬೈಬಲ್ಲಿನಲ್ಲಿ ದೇವರು ಕೊಡುತ್ತೇನೆಂದ ನಾಡು. ಸ್ವಾತಂತ್ರ್ಯ ಬಂತು, ಭ್ರಷ್ಟಾಚಾರವೂ ಬಂತು, ಮಾತು ಕೊಟ್ಟ ಆ ನಾಡೆಲ್ಲಿ ಅಂತ ಕೇಳುವ ಕೃತಿ. ಅತಿಥಿಗಳ ಮನರಂಜನೆಯ ಕುಣಿತವಾಗಿದ್ದರೆ ಈ ಪ್ರಶ್ನೆಗೆ ಅಲ್ಲಿ ಜಾಗವಿರುತ್ತಿರಲಿಲ್ಲ. ಸೊವೆಟೊದ ಬೀದಿ ತಂಡದಲ್ಲೇ ಕುಣಿತ ಶುರುಮಾಡಿದ ನರ್ತಕಿ ದಾದಾ ಮಸಿಲೊ ಕೂಡ ಹಾಗೆಯೇ, ಯುರೋಪಿನ ಬ್ಯಾಲೆ ಕಥೆಗಳನ್ನು ತನ್ನ ಜನರ ಮೈಯಲ್ಲಿ ಮತ್ತೆ ಕಟ್ಟಿದವರು. 2024ರ ಡಿಸೆಂಬರ್‌ನಲ್ಲಿ, ಬರೀ 39 ವರ್ಷಕ್ಕೆ ತೀರಿಕೊಂಡರು. ಆ ನಷ್ಟ ದೊಡ್ಡದು.

2022ರಲ್ಲಿ ವಿಯಾ ಕಾಟ್ಲೆಹಾಂಗ್ ಫ್ರಾನ್ಸಿನ ಆವಿನ್ಯೋಂ ರಂಗೋತ್ಸವಕ್ಕೆ 'ವಿಯಾ ಇಂಜಬುಲೊ' ಒಯ್ದಿತು. ಇಂಜಬುಲೊ ಅಂದರೆ ಜೂಲು ಭಾಷೆಯಲ್ಲಿ ಸಂತೋಷ. ಅಂಥ ದೂರದ ರಂಗದ ಮೇಲೆ ಪಾಂಟ್ಸುಲಾ ನರ್ತಕ ತೋರುಬೆರಳೆತ್ತಿದರೆ ಅಲ್ಲಿನವರಿಗೆ ಅದೊಂದು ಚೆಂದದ ಕೈ. ಕಾಟ್ಲೆಹಾಂಗ್‌ನವರು ಯಾರಾದರೂ ಪ್ರೇಕ್ಷಕರ ನಡುವೆ ಕೂತಿದ್ದರೆ, ಅವರಿಗೆ ಟ್ಯಾಕ್ಸಿಯ ಹಾರ್ನ್ ಕೇಳಿಸುತ್ತದೆ.