ಕಲ್ಲು ನೋಡಲು ಹೋದೆ, ಮರ ನೋಡಿ ಬಂದೆ

ನಮಸ್ಕಾರ. ಕ್ಯಾಮೆರಾ ಅಲುಗಾಡುತ್ತಿದೆ ಅಂತ ಬೈಯಬೇಡಿ. ಫ್ಯಾರಿಂಗ್ಡನ್‌ನಲ್ಲಿ ಬಸ್ಸಿಳಿದು ನಡೆದುಕೊಂಡೇ ಬಂದೆ, ಶೂ ತುಂಬ ಕೆಸರು. ಅಗೋ, ಹೊಲದಾಚೆ ದೊಡ್ಡ ಚಾವಣಿ ಕಾಣುತ್ತಿದೆಯಲ್ಲ? ಅದೇ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿರುವ ಗ್ರೇಟ್ ಕಾಕ್ಸ್‌ವೆಲ್ ಬಾರ್ನ್.

ದೂರದಿಂದ ಚರ್ಚ್ ಅಂದುಕೊಂಡಿದ್ದೆ. ಗೋಪುರ ಇಲ್ಲ, ಗಂಟೆ ಇಲ್ಲ, ಕಿಟಕಿ ಅನ್ನುವಂಥದ್ದೂ ಇಲ್ಲ. ಇದು ಪೈರು ತುಂಬಿಡಲು ಕಟ್ಟಿದ್ದು. ನಮ್ಮೂರುಗಳಲ್ಲಿ ಬಣವೆ ಬಯಲಲ್ಲಿ, ಕಣವೂ ಬಯಲಲ್ಲಿ. ಇಲ್ಲಿ ಸುಗ್ಗಿಯಲ್ಲೂ ಮಳೆ ಬರಬಹುದು. ಹಾಗಾಗಿ ಬಣವೆ, ಕಣ, ಕಣಜ ಮೂರನ್ನೂ ಒಂದೇ ಸೂರಿನಡಿ ತಂದುಬಿಟ್ಟಿದ್ದಾರೆ.

ಇದರ ಒಡೆಯರು ಸಿಸ್ಟರ್ಸಿಯನ್ ಅನ್ನುವ ಕ್ರೈಸ್ತ ಪಂಥದ ಸನ್ಯಾಸಿಗಳು. 13ನೇ ಶತಮಾನದ ಮೊದಲ ವರ್ಷಗಳಲ್ಲಿ ರಾಜ ಜಾನ್ ಅವರಿಗೆ ಈ ಕಡೆಯ ಜಮೀನು ಬಿಟ್ಟುಕೊಟ್ಟ. ಅವರ ಮಠ ಇದ್ದದ್ದು ದಕ್ಷಿಣಕ್ಕೆ, ಹ್ಯಾಂಪ್‌ಶೈರ್‌ನ ಬ್ಯೂಲಿಯಲ್ಲಿ. ತುಂಬ ಜನ ಇದನ್ನು ಟೈದ್ ಬಾರ್ನ್ ಅನ್ನುತ್ತಾರೆ, ಅಂದರೆ ಚರ್ಚಿಗೆ ರೈತರು ಕೊಡುತ್ತಿದ್ದ ಹತ್ತರಲ್ಲೊಂದು ಪಾಲನ್ನು ಇಡುವ ಜಾಗ. ಅದು ಸರಿಯಲ್ಲ. ಇಲ್ಲಿಗೆ ಬರುತ್ತಿದ್ದದ್ದು ಮಠದ ಸ್ವಂತ ಹೊಲದ ಬೆಳೆ.

ಹೊರಗಿನ ಗೋಡೆ ನೋಡಿ. ಕಾಟ್ಸ್‌ವಲ್ಡ್ ಸೀಮೆಯ ಸುಣ್ಣಕಲ್ಲು, ಮೋಡದ ದಿನವೂ ಸ್ವಲ್ಪ ಜೇನಿನ ಬಣ್ಣ. ಗೋಡೆ ಆಚೆಗೆ ಬಾಗದಂತೆ ಅಲ್ಲಲ್ಲಿ ಕಲ್ಲಿನ ಆಸರೆ. ಚಾವಣಿಗೂ ಕಲ್ಲಿನ ಹೆಂಚೇ. ಸೂರಂಚಿನಲ್ಲಿ ಅಗಲವಾದವು, ಮೇಲಕ್ಕೆ ಹೋದಂತೆ ಚಿಕ್ಕವು. ಸರಿ, ಕಲ್ಲಿನ ಕಟ್ಟಡ ಅಂತ ತೀರ್ಮಾನ ಮಾಡಿ ಒಳಗೆ ಹೋದೆ.

ಒಳಗೆ ಹೋದವಳು ಸುಮ್ನೆ ನಿಂತುಬಿಟ್ಟೆ. ಮೊದಲು ಬರೀ ಕತ್ತಲು. ಕಣ್ಣು ಹೊಂದಿಕೊಂಡ ಮೇಲೆ ಕಂಡದ್ದು ಮರ, ಎತ್ತ ನೋಡಿದರೂ ಮರ. ಉದ್ದ 152 ಅಡಿ, ಅಗಲ 44, ನೆತ್ತಿಯವರೆಗೆ 48. ಈ ಚಾವಣಿಯ ಹೆಚ್ಚಿನ ಭಾರ ಗೋಡೆಯ ಮೇಲಿಲ್ಲ, ನಡುವೆ ನಿಂತಿರುವ ಆರು ಜೊತೆ ಓಕ್ ಕಂಬಗಳ ಮೇಲಿದೆ. ಅಂದರೆ ಇದು ಕಲ್ಲಿನ ಕೋಟು ಹಾಕಿಕೊಂಡ ಮರದ ಕಟ್ಟಡ!

ಕಂಬದ ಬುಡಕ್ಕೆ ಬನ್ನಿ. ಮರ ನೆಲಕ್ಕೆ ತಾಗಿಯೇ ಇಲ್ಲ. ಕೆಳಗೆ ಆಳೆತ್ತರದ ಕಲ್ಲಿನ ಕಟ್ಟೆ, ಅದರ ಮೇಲೆ ಕಂಬ. ನೆಲದ ತೇವ ಹತ್ತುವುದಿಲ್ಲ, ಗಾಡಿ ತಗುಲಿದರೂ ಏಟು ಕಲ್ಲಿಗೆ. ಈಗ ಝೂಮ್ ಮಾಡುತ್ತೇನೆ. ಕಂಬ, ತೊಲೆ ಸೇರುವ ಕಡೆ ದುಂಡಗೆ ಒಂದು ಚುಕ್ಕಿ ಕಾಣುತ್ತಿದೆಯಾ? ಅದು ಮರದ ಗೂಟ. ಒಂದು ಮರಕ್ಕೆ ತೂತು, ಇನ್ನೊಂದಕ್ಕೆ ನಾಲಿಗೆ, ಅಡ್ಡಲಾಗಿ ಗೂಟ. ಮರದ ಒಳಗಿನ ಬಳೆಗಳನ್ನು ಎಣಿಸಿ, ಸುಮಾರು 1292ರಲ್ಲಿ ಕಟ್ಟಿದ್ದು ಅಂತ ಲೆಕ್ಕ ಹಾಕಿದ್ದಾರೆ. ಏಳುನೂರಕ್ಕೂ ಜಾಸ್ತಿ ವರ್ಷ ಆಯಿತು ಅಲ್ವಾ? 1538ರಲ್ಲಿ ಮಠವೇ ಮುಚ್ಚಿತು, ಗೂಟ ಇನ್ನೂ ಕೂತಿದೆ.

ಹತ್ತಿರದ ಕೆಲ್ಮ್‌ಸ್ಕಾಟ್‌ನಲ್ಲಿ ಮನೆ ಮಾಡಿಕೊಂಡಿದ್ದ 19ನೇ ಶತಮಾನದ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಇದನ್ನು ಕೆಥೀಡ್ರಲ್‌ಗಳ, ಅಂದರೆ ಬಿಷಪ್ಪರ ದೊಡ್ಡ ಚರ್ಚುಗಳ ಸಾಲಿಗೇ ಸೇರಿಸಿ ಹೊಗಳಿದ್ದ. ನನಗೇನೋ ಆ ಹೋಲಿಕೆ ಬೇಡ ಅನ್ನಿಸಿತು. ಹುಲ್ಲು, ಧೂಳು, ಎತ್ತಿನ ಸಗಣಿ ಕಂಡ ಜಾಗ. ಅದಕ್ಕೂ ಇಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾರಲ್ಲ, ನನಗೆ ಅದೇ ಹಿಡಿಸಿದ್ದು.

ಕೊನೆಗೆ ಬಾಗಿಲು. ತುದಿಗಳಲ್ಲಿರುವ ದೊಡ್ಡ ಬಾಗಿಲುಗಳು ಆಮೇಲೆ ಬಂದವು. ಹಳೆಯವು ಉದ್ದಗೋಡೆಗಳ ನಡುವೆ, ಎದುರುಬದುರಾಗಿ ಇವೆ. ಇಂಥ ಬಾರ್ನ್‌ಗಳಲ್ಲಿ ಆ ಎರಡು ಬಾಗಿಲ ನಡುವಿನ ನೆಲವೇ ಕಣ. ತೆನೆ ಬಡಿದು, ಎರಡೂ ಬಾಗಿಲು ತೆಗೆದು, ಕಾಳನ್ನು ಮೇಲಕ್ಕೆ ತೂರುತ್ತಿದ್ದರು. ಹೊಟ್ಟು ಗಾಳಿಯ ಜೊತೆ ಹಾರಿಹೋಗುತ್ತಿತ್ತು. ಗಾಳಿ ಬಂದಾಗ ತೂರಿಕೋ ಅನ್ನುತ್ತೇವಲ್ಲ, ಇವರು ಗಾಳಿಗೆ ದಾರಿಯನ್ನೇ ಕಟ್ಟಿಕೊಂಡಿದ್ದರು.

ಆ ಬಾಗಿಲ ಹತ್ತಿರ ನಿಂತೇ ಇದನ್ನೆಲ್ಲ ಚೆನ್ನಾಗಿ ವಿವರಿಸಿದ್ದೆ. ಮೈಕಿನಲ್ಲಿ ಬುಸ್ ಅನ್ನುತ್ತಿರುವುದು ಅದೇ ಗಾಳಿ. ಮುಂದಿನ ಅರ್ಧ ನಿಮಿಷ ನನ್ನ ಬಾಯಿ ಆಡುತ್ತಿರುತ್ತದೆ, ಒಂದಕ್ಷರ ಕೇಳಿಸುವುದಿಲ್ಲ.